ಮಂಕಾದ ಟೇಲ್‌ಲೈಟ್‌ಗೆ ಮರಳಿದ ಕೆಂಪು: ಕಲಬುರಗಿಯ ಒಂದು ಗ್ಯಾರೇಜಿನ ಕೆಲಸ

ಕಲಬುರಗಿಯ ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ನಮ್ಮ ಹಳೆಯ ಮಾರುತಿ 800ರ ಟೇಲ್‌ಲೈಟ್‌ಗಳು ಸುಣ್ಣ ಬಳಿದಂತೆ ಬಿಳಿಚಿಕೊಂಡು, ಬ್ರೇಕ್ ಒತ್ತಿದಾಗ ಹಿಂದೆ ಬರುವವರಿಗೆ ಕೆಂಪು ಬೆಳಕು ಸ್ಪಷ್ಟವಾಗಿ ಕಾಣದಂತಾಗಿದ್ದರಿಂದ, ಹುಮನಾಬಾದ್ ರಸ್ತೆಯ ಒಂದು ಪೇಂಟಿಂಗ್ ಗ್ಯಾರೇಜಿಗೆ ಕಾರನ್ನು ಕೊಟ್ಟಿದ್ದೆ.

ಅವರ ಕೆಲಸದ ಕ್ರಮ ನಿಜಕ್ಕೂ ಮೆಚ್ಚುವಂಥದ್ದು. ಲೆನ್ಸಿನ, ಅಂದರೆ ದೀಪದ ಹೊರಮುಚ್ಚಳದ, ಪ್ಲಾಸ್ಟಿಕ್ಕಿನಲ್ಲಿ ಬಣ್ಣ ಒಳಗೂ ಬೆರೆತಿರುವುದರಿಂದ ಮೇಲ್ಪದರವನ್ನು ಉಜ್ಜಿದರೆ ಕೆಂಪು ಹೋಗುವುದಿಲ್ಲವೆಂದು ಮಿಸ್ತ್ರಿ ಮೊದಲೇ ವಿವರಿಸಿದರು. ಕಾರಿನ ಬಣ್ಣಕ್ಕೆ ಗೀರು ಬೀಳದಂತೆ ಸುತ್ತಲೂ ಟೇಪ್ ಅಂಟಿಸಿ, ನೀರು ಹಾಕುತ್ತ 800, 1500, 2000 ನಂಬರಿನ ವಾಟರ್ ಪೇಪರ್‌ಗಳಿಂದ (ನಂಬರ್ ಹೆಚ್ಚಿದಷ್ಟೂ ನಯವಾಗಿರುವ ಉಜ್ಜುಕಾಗದಗಳು) ಒಂದಾದ ಮೇಲೊಂದರಂತೆ ಉಜ್ಜಿದರು. ಪ್ರತಿ ಸಲವೂ ಒರೆಸಿ, ಹಿಂದಿನ ಪೇಪರಿನ ಗೀರು ಉಳಿದಿದೆಯೇ ಎಂದು ಬಗ್ಗಿ ಓರೆಯಾಗಿ ನೋಡಿದ ಅವರ ತಾಳ್ಮೆ ದೊಡ್ಡದು. ಬಳಿಕ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಪಾಲಿಶ್ ಮಾಡಿ, ನೇರಳಾತೀತ ಕಿರಣಗಳನ್ನು ತಡೆಯುವ ಕ್ಲಿಯರ್ ಕೋಟ್ ಹೊಡೆದರು. ಈ ಲೇಪವಿಲ್ಲದೆ ಬರೀ ಪಾಲಿಶ್ ಮಾಡಿಸಿದರೆ ನಮ್ಮ ಭಾಗದ ಬಿಸಿಲಿಗೆ ಲೆನ್ಸ್ ಬೇಗನೆ ಮತ್ತೆ ಮಂಕಾಗುತ್ತದೆ. ಆದ್ದರಿಂದ ಅದನ್ನು ಕೇಳಿ ಖಚಿತಪಡಿಸಿಕೊಂಡೇ ಕೆಲಸ ಒಪ್ಪಿಸಬೇಕು.

ಲೆನ್ಸಿನ ಎಡ ಮೂಲೆಯಲ್ಲಿದ್ದ ಬಿರುಕು ಮಾತ್ರ ಹಾಗೆಯೇ ಇದೆ. ಉಜ್ಜಿದರೆ ಅದು ಹೋಗದು, ಹೊಸ ಲೆನ್ಸೇ ಬೇಕು ಎಂದು ಅವರು ನೇರವಾಗಿ ಹೇಳಿದ್ದು ನನಗೆ ಹಿಡಿಸಿತು. ಆದರೆ ಹೇಳಿದ ಸಮಯಕ್ಕೆ ಕಾರು ಕೈಸೇರಲಿಲ್ಲ, ಬಿಲ್ಲನ್ನೂ ಕೇಳಿಯೇ ಪಡೆಯಬೇಕಾಯಿತು.