ಅಮ್ಮಂದಿರ ದಿನಗಳ ಮೇಜು ಕ್ಯಾಲೆಂಡರ್: ಐದಕ್ಕೆ ಮೂರೂವರೆ

ಮೇ ತಿಂಗಳ ಎರಡನೆಯ ಭಾನುವಾರವೇ ಎಲ್ಲರಿಗೂ ಅಮ್ಮಂದಿರ ದಿನ ಎಂದುಕೊಂಡಿದ್ದೆ. ಈ ಕ್ಯಾಲೆಂಡರ್ ನನ್ನ ಜಂಬವನ್ನು ಫೆಬ್ರವರಿಯಲ್ಲೇ ಇಳಿಸಿತು: ನಾರ್ವೆಯವರದು ಆ ತಿಂಗಳ ಎರಡನೆಯ ಭಾನುವಾರ. ಮೆಕ್ಸಿಕೊದವರಿಗೆ ವಾರ ಯಾವುದಾದರೂ ಸರಿ, ಮೇ 10. ನನಗೆ ಅಚ್ಚುಮೆಚ್ಚು ಆಗಸ್ಟ್ ಹಾಳೆ. ರಾಣಿ ಸಿರಿಕಿತ್ ಹುಟ್ಟಿದ 12ರಂದು ಥಾಯ್ಲೆಂಡ್‌ನ ಮಕ್ಕಳು ತಾಯಿಯ ಕಾಲಿಗೆರಗಿ ಮಲ್ಲಿಗೆ ಕೊಡುತ್ತಾರೆ. ಚಿತ್ರದಲ್ಲಿರುವ ಹುಡುಗನ ಕಿವಿ ನಾಚಿಕೆಯಿಂದ ಕೆಂಪೇರಿದೆ.

ಬ್ರಿಟನ್ನಿನ ದಿನವನ್ನು ಮಾತ್ರ ಮೇ ತಿಂಗಳಿಗೆ ತಳ್ಳಿದ್ದಾರೆ. ನಿಜಕ್ಕೂ ಅದು ಬರುವುದು ಈಸ್ಟರ್‌ಗೆ ಮೂರು ವಾರ ಮೊದಲು. ಕ್ಯಾಲೆಂಡರನ್ನು ನಂಬಿ ಗೆಳತಿಯ ತಾಯಿಗೆ ಕಳುಹಿಸಿದ ಕಾರ್ಡು ಹಬ್ಬ ಮುಗಿದ ಎಷ್ಟೋ ವಾರಗಳ ಮೇಲೆ ತಲುಪಿತು. ಇನ್ನೊಂದು ತಮಾಷೆ: ಅಮೆರಿಕದಲ್ಲಿ ಈ ದಿನವನ್ನು ಶುರುಮಾಡಿ, ವ್ಯಾಪಾರ ಹೆಚ್ಚಾಯಿತೆಂದು ಆಮೇಲೆ ಅದರ ವಿರುದ್ಧವೇ ಹೋರಾಡಿದ ಆನಾ ಜಾರ್ವಿಸ್ ಅವರ ಚಿತ್ರದ ಕೆಳಗೇ ಹೂಗುಚ್ಛದ ರಿಯಾಯಿತಿ ಕೂಪನ್!