ಮಾಡೆಲ್ ರೈಲಿಗೆ ಡಿಸಿಸಿ ಕೊಳ್ಳುವವರು ಓದಿ: 5 ಆಂಪ್ ಪೆಟ್ಟಿಗೆ ನಮ್ಮ ಮನೆಯಲ್ಲಿ ಮಾಡಿದ ಅನಾಹುತ

ಕಳೆದ ಮೇ ತಿಂಗಳ ಒಂದು ರಾತ್ರಿ ನಮ್ಮ ರೈಲು ಮೇಜಿಗೆ ಬೆಂಕಿ ಹತ್ತುವುದು ಸ್ವಲ್ಪದರಲ್ಲಿ ತಪ್ಪಿತು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಮಕ್ಕಳಿದ್ದು, ಚಿಕ್ಕ ಲೇಔಟ್‌ಗೆ ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್, ಹಾಕಿಸುವ ಯೋಚನೆ ನಿಮಗಿದ್ದರೆ ದಯವಿಟ್ಟು ಪೂರ್ತಿ ಓದಿ.

ನಾವು ಇರುವುದು ವಿಜಯಪುರದಲ್ಲಿ. ಚಿಕ್ಕವನಿದ್ದಾಗ ಗದಗದ ಕಡೆ ಹೋಗುವ ಮೀಟರ್ ಗೇಜ್ ಗಾಡಿ ನೋಡುತ್ತಾ ನಿಲ್ಲುತ್ತಿದ್ದೆ. ಆ ಹುಚ್ಚು ಈಗ ನನ್ನ ಮಗನಿಗೂ ಹತ್ತಿದೆ. ಇಬ್ಬರೂ ಸೇರಿ 6 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಮೇಲೆ ಎಚ್‌ಓ ಅಳತೆಯ ಲೇಔಟ್ ಮಾಡಿದ್ದೇವೆ. ಅಂದರೆ ನಿಜದ ರೈಲಿನ 87ನೇ ಒಂದು ಭಾಗ, ಹಳಿಗಳ ನಡುವೆ 16.5 ಮಿಲಿಮೀಟರ್. ಆಲಮಟ್ಟಿಯಿಂದ ಸೀತಿಮನಿಗೆ ಹೋಗುವಾಗ ಸಿಗುವ ಕೃಷ್ಣಾ ಸೇತುವೆ ಅದರ ಮುಖ್ಯ ನೋಟ. ಗುಡ್ಡಗಳು ಥರ್ಮಾಕೋಲ್‌ನವು. ಹುಲ್ಲು ಅಂದರೆ ಬಣ್ಣ ಹಾಕಿದ ಕಟ್ಟಿಗೆ ಹೊಟ್ಟು. ಈ ಎರಡು ಮಾತು ನೆನಪಿಟ್ಟುಕೊಳ್ಳಿ.

ಮೊದಲು ಸಾದಾ ಡಿಸಿ ಕಂಟ್ರೋಲರ್ ಇತ್ತು. ಗುಂಡಿ ತಿರುಗಿಸಿದರೆ ಹಳಿಯಲ್ಲಿ ವೋಲ್ಟೇಜ್ ಏರುತ್ತದೆ, ಇಂಜಿನ್ ಓಡುತ್ತದೆ. ಎರಡು ಇಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಓಡುತ್ತವೆ. ಮಗನಿಗೆ ಅದು ಬೇಜಾರು. ಒಂದು ಗಾಡಿ ಸ್ಟೇಷನ್ನಿನಲ್ಲಿ ಕಾಯಬೇಕು, ಇನ್ನೊಂದು ಕ್ರಾಸಿಂಗ್ ಆಗಬೇಕು ಅಂತ ಅವನ ಆಸೆ. ಡಿಸಿಸಿ ಇರುವುದೇ ಅದಕ್ಕೆ. ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ. ಅದು ದಿಕ್ಕು ಬದಲಿಸುತ್ತಾ ಹೋಗುವ ಅಲೆಯಲ್ಲೇ ಸಂದೇಶ ಅಡಗಿರುತ್ತದೆ. ಪ್ರತಿ ಇಂಜಿನ್ನಿನ ಹೊಟ್ಟೆಯಲ್ಲೂ ಒಂದು ಡೀಕೋಡರ್ (ಆ ಸಂದೇಶ ಓದುವ ಸಣ್ಣ ಸರ್ಕ್ಯೂಟ್) ಕೂತು ತನ್ನ ನಂಬರ್ ಬಂದಾಗ ಮಾತ್ರ ಕೇಳುತ್ತದೆ. ಇದರ ಬೇರು ಜರ್ಮನಿಯ ಲೆನ್ಜ್ ಕಂಪನಿಯ ವಿನ್ಯಾಸದಲ್ಲಿದೆ. 1990ರ ದಶಕದಲ್ಲಿ ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಇದನ್ನು ಎಲ್ಲ ಕಂಪನಿಗಳೂ ಬಳಸಬಹುದಾದ ಮಾನದಂಡ ಮಾಡಿತು.

ಗಾಡಿ ನಿಂತಿದ್ದರೂ ಹಳಿಯಲ್ಲಿ ಪೂರ್ತಿ ಕರೆಂಟ್ ಕಾಯುತ್ತಿರುತ್ತದೆ ಅನ್ನುವುದು ಇದರಲ್ಲೇ ಇದೆ. ನಾನು ಅದರ ಬಗ್ಗೆ ಯೋಚಿಸಲೇ ಇಲ್ಲ.

ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್ ಸೆಟ್: ಹಳಿಗೆ ಕರೆಂಟ್, ಸಂದೇಶ ಎರಡನ್ನೂ ಕೊಡುವ ಪೆಟ್ಟಿಗೆ ಮತ್ತು ಅದರ ಅಡಾಪ್ಟರ್. ಹೊರದೇಶದಿಂದ ತರಿಸಿ ಮಾರುವ ಒಬ್ಬರ ಹತ್ತಿರ, 18,000 ರೂಪಾಯಿಗೆ. ಅವರ ಹೆಸರು ಇಲ್ಲಿ ಬೇಡ. "5 ಆಂಪ್ ಇದೆ ಸರ್, ಮುಂದೆ ಎಷ್ಟು ಇಂಜಿನ್ ತಗೊಂಡ್ರೂ ಚಿಂತೆ ಇಲ್ಲ" ಅಂದರು. ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ ನನಗೂ ಅನಿಸಿತು. ಬಂದ ಅಡಾಪ್ಟರ್ 120 ವೋಲ್ಟಿನದು. ಪುಣ್ಯಕ್ಕೆ ಪ್ಲಗ್‌ಗೆ ಹಾಕುವ ಮುಂಚೆ ಅದರ ಮೇಲಿನ ಬರಹ ಓದಿದೆ. ನಮ್ಮ 230 ವೋಲ್ಟಿಗೆ ಹಾಕಿದ್ದರೆ ಅವತ್ತೇ ಸುಡುತ್ತಿತ್ತು. ಊರಲ್ಲೇ 15 ವೋಲ್ಟಿನ ಬೇರೆ ಅಡಾಪ್ಟರ್ ತಂದು ಕೆಲಸ ಶುರು ಮಾಡಿದೆ.

ಇನ್ನು ಆ ರಾತ್ರಿಯ ಮಾತು. ಊಟದ ಹೊತ್ತಿಗೆ ಕರೆಂಟ್ ಹೋಯಿತು. ಕತ್ತಲಲ್ಲಿ ಮಗನ ಕೈ ತಾಗಿ ಇಂಜಿನ್ನಿನ ಒಂದು ಬೋಗಿ (ಕೆಳಗಿನ ಚಕ್ರಗಳ ಚೌಕಟ್ಟು) ಪಾಯಿಂಟ್ಸ್ ಮೇಲೆ, ಅಂದರೆ ಹಳಿ ಕವಲೊಡೆಯುವ ಜಾಗದಲ್ಲಿ, ಹಳಿ ತಪ್ಪಿತು. ಅದು ಯಾರಿಗೂ ಗೊತ್ತಾಗಲಿಲ್ಲ. ಸೆಕೆ ತಡೆಯಲಾರದೆ ಎಲ್ಲರೂ ಮಾಳಿಗೆ ಹತ್ತಿದೆವು. ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು. ಪೆಟ್ಟಿಗೆ ತಾನೇ ಆನ್ ಆಗಿ ಹಳಿಗೆ ಕರೆಂಟ್ ಕೊಟ್ಟಿತು. ಅಡ್ಡ ಬಿದ್ದ ಚಕ್ರ ಎರಡು ಹಳಿಗಳನ್ನೂ ಸೇರಿಸಿ ಶಾರ್ಟ್ ಮಾಡಿತ್ತು. ನೀರು ಕುಡಿಯಲು ಕೆಳಗೆ ಹೋದ ಮಗ ಕೂಗಿದ: "ಅಪ್ಪಾ, ಸುಟ್ಟ ವಾಸನಿ ಬರಾಕತ್ತೈತಿ!"

ಓಡಿ ಬಂದು ಪ್ಲಗ್ ಕಿತ್ತೆ. ಬೋಗಿಯ ಪ್ಲಾಸ್ಟಿಕ್ ಕರಗಿ ಚಕ್ರಗಳು ಓರೆಯಾಗಿ ಒಳಗೆ ಕೂತಿದ್ದವು. ಕೆಳಗಿನ ಸ್ಲೀಪರ್‌ಗಳು ಮೇಣದಂತೆ ಮೆತ್ತಗಾಗಿದ್ದವು. ನಾಲ್ಕು ಬೆರಳು ಆಚೆಗೆ ಥರ್ಮಾಕೋಲ್ ಗುಡ್ಡ. ಹಾಳಾದದ್ದು ಬರೀ ಒಂದು ಇಂಜಿನ್ ಕೂಡ ಅಲ್ಲ. ನಮ್ಮ ರೈಲ್ವೆಯ ಡಬ್ಲ್ಯುಡಿಎಂ-2 ಡೀಸೆಲ್ ಇಂಜಿನ್ ಮೂಲದಲ್ಲಿ ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸವೇ. ಹಾಗಾಗಿ ಒಂದು ವಿದೇಶಿ ಆಲ್ಕೋ ಮಾಡೆಲ್ ತಂದು, ಮಗ ತಿಂಗಳುಗಟ್ಟಲೆ ಕೂತು ಅದಕ್ಕೆ ನಮ್ಮ ರೈಲಿನ ಬಣ್ಣ ಬಳಿದಿದ್ದ. ಅವತ್ತು ರಾತ್ರಿ ಅವನು ಅಳುವುದನ್ನು ನೋಡಲು ಆಗಲಿಲ್ಲ.

ಶಾರ್ಟ್ ಆದರೆ ಪೆಟ್ಟಿಗೆ ಬಂದ್ ಆಗಬೇಕಲ್ಲ? ಮಾರಿದವರನ್ನು ಕೇಳಿದರೆ "ನಿಮ್ಮ ವೈರಿಂಗ್ ಸರಿ ಇಲ್ಲ" ಅಂದರು. ಅರ್ಧ ನಿಜ. ಇನ್ನರ್ಧ ನಾನೇ ಮೀಟರ್ ಹಿಡಿದು ಹುಡುಕಿದೆ. ಇಡೀ ಮೇಜಿಗೆ ನಾನು ಒಂದೇ ಕಡೆ ತಂತಿ ಕೊಟ್ಟಿದ್ದೆ, ಅದೂ ಕಾಲಿಂಗ್ ಬೆಲ್‌ಗೆ ಹಾಕುವ ತೆಳು ತಂತಿ. ಅಲ್ಲಿಂದ ಮೇಜಿನ ಆ ತುದಿಗೆ ಹೋಗುವವರೆಗೆ ತಂತಿ, ಹಳಿ, ಹಳಿ ತುಂಡುಗಳನ್ನು ಜೋಡಿಸುವ ಸಡಿಲಾದ ಜಾಯಿನರ್‌ಗಳು, ಎಲ್ಲ ಸೇರಿ ಸುಮಾರು 3.5 ಓಮ್ ತಡೆ. 15 ವೋಲ್ಟನ್ನು 3.5ರಿಂದ ಭಾಗಿಸಿ: ಹೆಚ್ಚುಕಡಿಮೆ 4.3 ಆಂಪ್. ಪೆಟ್ಟಿಗೆ ಬಂದ್ ಆಗುವುದು 5 ಆಂಪ್ ದಾಟಿದರೆ. ಅದರ ಲೆಕ್ಕಕ್ಕೆ ಅಲ್ಲಿ ಶಾರ್ಟ್ ಆಗಿಯೇ ಇಲ್ಲ, ಯಾರೋ ಹತ್ತು ಇಂಜಿನ್ ಓಡಿಸುತ್ತಿದ್ದಾರೆ ಅಷ್ಟೇ! ಒಟ್ಟು 60 ವ್ಯಾಟ್‌ಗಿಂತ ಜಾಸ್ತಿ ಶಾಖ. ಅರ್ಧ ತಂತಿಯಲ್ಲಿ ಹೋಯಿತು ಅಂದುಕೊಂಡರೂ ಉಳಿದದ್ದು ಒಂದು ಸಣ್ಣ ಸೋಲ್ಡರಿಂಗ್ ಐರನ್ ಇಟ್ಟಂತೆ. ಸೋಲ್ಡರಿಂಗ್ ಐರನ್ ಹಚ್ಚಿ ಥರ್ಮಾಕೋಲ್ ಪಕ್ಕ ಇಟ್ಟು ಯಾರಾದರೂ ಮಾಳಿಗೆಗೆ ಹೋಗುತ್ತಾರಾ?

ಅದೇ ಜಾಗದಲ್ಲಿ 2 ಆಂಪ್ ಪೆಟ್ಟಿಗೆ ಇದ್ದಿದ್ದರೆ ಕ್ಷಣದಲ್ಲೇ ಬಂದ್ ಆಗುತ್ತಿತ್ತು. ನಮ್ಮಂಥ ಮೇಜಿಗೆ 2 ಆಂಪ್ ಬೇಕಾದಷ್ಟಾಯಿತು. ಈಗಿನ ಎಚ್‌ಓ ಇಂಜಿನ್ ಓಡುವಾಗ ಅರ್ಧ ಆಂಪ್ ಕೂಡ ಎಳೆಯುವುದು ಅಪರೂಪ. ಎರಡು ಮೂರು ಇಂಜಿನ್ ಒಟ್ಟಿಗೆ ಓಡಿದರೂ ಒಂದೂವರೆ ಆಂಪ್ ದಾಟುವುದು ಕಷ್ಟ. 5 ಆಂಪ್ ಪೆಟ್ಟಿಗೆಗಳು ಇರುವುದು ಕೋಣೆ ತುಂಬುವ ಲೇಔಟ್‌ಗಳಿಗೆ. ಅಂಥವರು ಹಳಿಯನ್ನು ಭಾಗ ಮಾಡಿ ಪ್ರತಿ ಭಾಗಕ್ಕೂ ಬೇರೆ ಸರ್ಕ್ಯೂಟ್ ಬ್ರೇಕರ್ ಹಾಕುತ್ತಾರೆ. ಇದನ್ನು ಮಾರುವವರು ಹೇಳಬೇಕಿತ್ತು. ಹೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟಿರುವುದು ಅದಕ್ಕೇ.

ಇನ್ನೊಂದು ತೊಂದರೆ ಚಿಕ್ಕದು, ಆದರೆ ದಿನಾ ಕಾಡಿತು. ಆ ಪೆಟ್ಟಿಗೆ ಡೀಕೋಡರ್‌ಗೆ ನಂಬರ್‌ನಂಥ ಮಾಹಿತಿ ಬರೆಯುತ್ತಿತ್ತು, ಅದರಲ್ಲಿ ಇರುವುದನ್ನು ಓದುತ್ತಿರಲಿಲ್ಲ. ಹೊಸ ಡೀಕೋಡರ್‌ನ ನಂಬರ್ ಸಾಮಾನ್ಯವಾಗಿ 3 ಇರುತ್ತದೆ. ಹಳೇ ಇಂಜಿನ್ ಕೊಂಡರೆ ಮೊದಲ ಮಾಲೀಕರು ಯಾವ ನಂಬರ್ ಕೊಟ್ಟಿದ್ದರೋ ಯಾರಿಗೆ ಗೊತ್ತು? ಓದಬಲ್ಲ ಪೆಟ್ಟಿಗೆ ಪ್ರೋಗ್ರಾಮಿಂಗ್ ಹಳಿಯ (ಡೀಕೋಡರ್ ಹೊಂದಿಸಲು ಬೇರೆಯಾಗಿ ಇಟ್ಟ ಹಳಿ) ಮೇಲೆ ಪ್ರಶ್ನೆ ಕೇಳುತ್ತದೆ. ಡೀಕೋಡರ್ ಮೋಟಾರನ್ನು ಕಣ್ಣಿಗೆ ಕಂಡೂ ಕಾಣದಷ್ಟು ಅಲುಗಿಸಿ ಹೌದು ಅನ್ನುತ್ತದೆ. ನನ್ನ ಪೆಟ್ಟಿಗೆಗೆ ಆ ಉತ್ತರ ಕೇಳಿಸುತ್ತಿರಲಿಲ್ಲ. ಸುಮ್ನೆ ಒಂದೊಂದೇ ನಂಬರ್ ಒತ್ತಿ ನೋಡುತ್ತಾ ಎಷ್ಟೋ ಭಾನುವಾರ ಹೋದವು.

ಈಗ ಬಳಸುತ್ತಿರುವುದು ಡಿಸಿಸಿ-ಇಎಕ್ಸ್. ಅದು ಎಲ್ಲರಿಗೂ ಉಚಿತವಾಗಿ ಸಿಗುವ ಸಾಫ್ಟ್‌ವೇರ್. ಆರ್ಡುಯಿನೋ ಮೆಗಾ ಅನ್ನುವ ಒಂದು ಚಿಕ್ಕ ಕಂಪ್ಯೂಟರ್ ಬೋರ್ಡ್, ಅದರ ಮೇಲೆ ಹಳಿಗೆ ಕರೆಂಟ್ ಕೊಡುವ ಇನ್ನೊಂದು ಬೋರ್ಡ್, ಅಂದರೆ ಮೋಟಾರ್ ಶೀಲ್ಡ್, ಇಷ್ಟೇ. ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಶಾರ್ಟ್ ಆದರೆ ಹಳಿಯ ಕರೆಂಟ್ ಕಡಿಯುತ್ತದೆ. ಡೀಕೋಡರ್ ಓದುತ್ತದೆ. ಅದಕ್ಕೊಂದು ವೈಫೈ ಬೋರ್ಡ್ ಸೇರಿಸಿದರೆ ಎಂಜಿನ್ ಡ್ರೈವರ್ ಅನ್ನುವ ಆ್ಯಪ್ ಹಾಕಿ ಫೋನಿನಿಂದಲೇ ಓಡಿಸಬಹುದು. ಒಂದು ಎಚ್ಚರ: ಆರ್ಡುಯಿನೋದ ಮೂಲ ಮೋಟಾರ್ ಶೀಲ್ಡ್‌ನಲ್ಲಿ 'ವಿನ್ ಕನೆಕ್ಟ್' ಅನ್ನುವ ಜೋಡಣೆ ಕತ್ತರಿಸಬೇಕು. ಇಲ್ಲದಿದ್ದರೆ ಹಳಿಯ ವೋಲ್ಟೇಜ್ ಕೆಳಗಿನ ಬೋರ್ಡ್‌ಗೂ ಹರಿಯುತ್ತದೆ. ಇಷ್ಟೆಲ್ಲ ಮಾಡಲು ಮನಸ್ಸಿಲ್ಲದವರು ರೆಡಿಮೇಡ್ ಪೆಟ್ಟಿಗೆಯನ್ನೇ ಕೊಳ್ಳಲಿ, ತಪ್ಪೇನಿಲ್ಲ. ಎನ್‌ಸಿಇ ಕಂಪನಿಯ ಪವರ್ ಕ್ಯಾಬ್‌ನಂಥ ಸುಮಾರು 2 ಆಂಪ್‌ನ ಸೆಟ್‌ಗಳು ಇಷ್ಟು ಚಿಕ್ಕ ಮೇಜಿಗೆ ಸಾಕು. ಆದರೆ ಅಡಾಪ್ಟರ್ 230 ವೋಲ್ಟಿಗೆ ನಡೆಯುತ್ತದಾ ಅಂತ ಹಣ ಕೊಡುವ ಮುಂಚೆ ಕೇಳಿ, ಫೋಟೋ ತರಿಸಿಕೊಳ್ಳಿ.

ವೈರಿಂಗ್ ಪೂರ್ತಿ ಹೊಸದು ಮಾಡಿದೆ. ಮೇಜಿನ ಕೆಳಗೆ ಮನೆ ವೈರಿಂಗ್‌ನ 2.5 ಚದರ ಮಿಲಿಮೀಟರ್ ತಂತಿ ಎರಡು. ಪ್ರತಿ ಮೂರು ಅಡಿಗೆ ಅಲ್ಲಿಂದ ಹಳಿಗೆ ಸಣ್ಣ ತಂತಿ, ಎಲ್ಲ ಬೆಸುಗೆ ಹಾಕಿದ್ದು. ಜಾಯಿನರ್‌ಗಳನ್ನು ನಂಬುವುದು ಬಿಟ್ಟಿದ್ದೇನೆ. ನಮ್ಮ ಊರಿನ ಧೂಳಿಗೆ ಅವು ಒಂದು ಬೇಸಿಗೆಯೂ ಸರಿಯಾಗಿ ಬಾಳುವುದಿಲ್ಲ.

ಸೆಟ್ ನೋಡಲು ಹೋದಾಗ ಜೇಬಿನಲ್ಲಿ 5 ರೂಪಾಯಿ ನಾಣ್ಯ ಇರಲಿ. ಹಳಿಗೆ ಕರೆಂಟ್ ಕೊಡಿಸಿ, ತಂತಿ ಕೊಟ್ಟ ಜಾಗದಿಂದ ಎಲ್ಲಕ್ಕಿಂತ ದೂರದಲ್ಲಿ ನಾಣ್ಯವನ್ನು ಎರಡೂ ಹಳಿಗೆ ತಾಗುವಂತೆ ಅಡ್ಡ ಇಡಿ. ಪೆಟ್ಟಿಗೆ ತಕ್ಷಣ ಬಂದ್ ಆಗಬೇಕು. ಆಗದಿದ್ದರೆ ನಾಣ್ಯ ಬಿಸಿಯಾಗುವ ಮುಂಚೆ ಸ್ವಿಚ್ ಆರಿಸಿ ಎದ್ದು ಬನ್ನಿ. ನಾಣ್ಯ ಇಡುವುದೇ ಬೇಡ ಅಂತ ಮಾರುವವರು ಅಂದರೂ ಎದ್ದು ಬನ್ನಿ.

ಕರಗಿದ ಬೋಗಿಗೆ ಬೇರೆ ಸಿಕ್ಕಿತು. ಬಣ್ಣ ಮಗನೇ ಮತ್ತೆ ಹಚ್ಚಿದ. ಈಗ ಪ್ರತಿ ಭಾನುವಾರ ಗಾಡಿ ಹೊರಡುವ ಮುಂಚೆ ನಾಣ್ಯ ಇಡುವುದು ಅವನ ಕೆಲಸ. ಸೇತುವೆಯ ಮೇಲೆ ಒಂದು ಸಲ, ಪಾಯಿಂಟ್ಸ್ ಮೇಲೆ ಒಂದು ಸಲ, ಸ್ಟೇಷನ್ನಿನ ಎರಡೂ ಲೈನಿನಲ್ಲಿ ಒಂದೊಂದು ಸಲ. ನಾಲ್ಕೂ ಕಡೆ ಬಂದ್ ಆದ ಮೇಲೆ ಅವನು ಹಸಿರು ಬಾವುಟ ತೋರಿಸುತ್ತಾನೆ.