ಮಂಡಿಪೇಟೆಯಲ್ಲಿ ಮರುಹೊಲಿಗೆ ಕಂಡ ಹೆರ್ಜೆನ್ ಆತ್ಮಕಥೆ

ರಷ್ಯಾದ ಚಿಂತಕ ಅಲೆಕ್ಸಾಂಡರ್ ಹೆರ್ಜೆನ್ ಅವರ ಆತ್ಮಕಥೆಯ ಹಳೆಯ ಇಂಗ್ಲಿಷ್ ಪ್ರತಿಯನ್ನು ಕಳೆದ ತಿಂಗಳು ದಾವಣಗೆರೆಯ ಮಂಡಿಪೇಟೆಯ ಓಣಿಯಲ್ಲಿರುವ ಸಣ್ಣ ಬೈಂಡಿಂಗ್ ಅಂಗಡಿಗೆ ಕೊಟ್ಟಿದ್ದೆ. ಹಿಂದೊಮ್ಮೆ ಬೇರೆ ಕಡೆ ಬೈಂಡ್ ಮಾಡಿಸಿದಾಗ ಪಕ್ಕದಿಂದ ತೂತು ಕೊರೆದು ಬಿಗಿದಿದ್ದರಿಂದ ಒಳಅಂಚಿನ ಅಕ್ಷರಗಳು ಹೊಲಿಗೆಯೊಳಗೆ ಸೇರಿಹೋಗಿದ್ದವು. ಬಲವಂತವಾಗಿ ಬಿಡಿಸಿ ಓದಿ ಓದಿ ಒಂದು ಭಾಗದ ಹಾಳೆಗಳೇ ಕಿತ್ತು ಬಂದಿದ್ದವು.

ಪುಟಸಂಖ್ಯೆ ನೋಡಿ ಜೋಡಿಸುತ್ತಿದ್ದ ಅಂಗಡಿಯ ಹಿರಿಯರು, “ಇಷ್ಟೇ ಹಾಳೆ ಯಾಕ್ರೀ ಸರ್ ಹಿಂಗೆ ಸವೆದಾವೆ?” ಎಂದು ಕೇಳಿದರು. ಅದು ಹೆರ್ಜೆನ್ ತಮ್ಮ ಸಂಸಾರದ ದುಃಖವನ್ನು ಬರೆದ ಭಾಗ. 1847ರಲ್ಲಿ ಪತ್ನಿ ನತಾಲಿಯಾ, ಮಕ್ಕಳು ಮತ್ತು ತಾಯಿಯೊಂದಿಗೆ ರಷ್ಯಾ ಬಿಟ್ಟ ಅವರು, ಮರುವರ್ಷ ಪ್ಯಾರಿಸ್ಸಿನಲ್ಲಿ ಕಾರ್ಮಿಕರ ದಂಗೆಯನ್ನು ಗಣರಾಜ್ಯದ ಸೇನೆಯೇ ಗುಂಡಿಕ್ಕಿ ಅಡಗಿಸಿದ್ದನ್ನು ಕಂಡರು. ಯುರೋಪಿನ ಮೇಲಿಟ್ಟಿದ್ದ ನಂಬಿಕೆ ಅಲ್ಲಿ ಮುರಿಯಿತು. ಹಿಂತಿರುಗಬೇಕೆಂಬ ರಷ್ಯಾದ ಚಕ್ರವರ್ತಿ ತ್ಸಾರ್ ನಿಕೊಲಾಯ್ ಆಜ್ಞೆಯನ್ನು 1850ರಲ್ಲಿ ತಿರಸ್ಕರಿಸಿದ ಮೇಲೆ ತಾಯ್ನಾಡಿನ ದಾರಿಯೂ ಮುಚ್ಚಿತು. ಉಳಿದಿದ್ದು ಮನೆಯೊಂದೇ. ನೀಸ್ ನಗರದ ಆ ಮನೆಯಲ್ಲೇ ಕುಟುಂಬಸಮೇತ ವಾಸವಿದ್ದ ಆಪ್ತ ಗೆಳೆಯ, ಜರ್ಮನ್ ಕವಿ ಹೆರ್ವೆಗ್ ಅವರೊಡನೆ ನತಾಲಿಯಾ ಪ್ರೇಮದಲ್ಲಿದ್ದಾರೆಂಬುದು 1851ರ ಆರಂಭದಲ್ಲಿ ತಿಳಿಯಿತು. ಗಂಡಹೆಂಡಿರು ಮತ್ತೆ ಒಂದಾದರು. ಆದರೆ ಅದೇ ನವೆಂಬರಿನಲ್ಲಿ ಹಡಗು ಮುಳುಗಿ ಹೆರ್ಜೆನ್ ಅವರ ತಾಯಿಯೂ, ಕಿವಿ ಕೇಳದ ಮಗ ಕೋಲ್ಯಾನೂ ಸಮುದ್ರದ ಪಾಲಾದರು. 1852ರ ಮೇ ತಿಂಗಳಲ್ಲಿ ನತಾಲಿಯಾ ತೀರಿಕೊಂಡರು. ಆ ವರ್ಷವೇ ಲಂಡನ್ ಸೇರಿದ ಹೆರ್ಜೆನ್ ಅಲ್ಲಿ ಈ ಆತ್ಮಕಥೆಗೆ ಕೈಹಾಕಿದರು.

ಹೆರ್ವೆಗ್ ಅವರನ್ನು ಹಳಿಯುವ ಪುಟಗಳನ್ನು ನಾನು ಪೂರ್ತಿ ಒಪ್ಪಲಾರೆ. ಮುಂದೆ ಜೀವದ ಗೆಳೆಯ ಒಗರ್ಯೋವ್ ಅವರ ಪತ್ನಿಯೊಡನೆ ತಾವೇ ಬಾಳಿದ ಹೆರ್ಜೆನ್, ಅನ್ಯರ ದ್ರೋಹವನ್ನು ತೂಗಿದ ತಕ್ಕಡಿಯಲ್ಲಿ ತಮ್ಮನ್ನು ಇಟ್ಟುಕೊಳ್ಳಲಿಲ್ಲ ಎಂದು ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡಿದ್ದೆ. ಹಾಗಿದ್ದರೂ, ದೇಶ, ಕ್ರಾಂತಿ, ಸ್ನೇಹ, ದಾಂಪತ್ಯ ಒಂದರ ಹಿಂದೊಂದು ಕೈಬಿಟ್ಟಾಗ ಮನುಷ್ಯ ಹೇಗೆ ಉಸಿರಾಡುತ್ತಾನೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಬರಹವನ್ನು ನಾನು ಬೇರೆ ಓದಿಲ್ಲ.

ಇದೆಲ್ಲವನ್ನೂ ಕೇಳಿಸಿಕೊಂಡ ಹಿರಿಯರು, ಪೆನ್ಸಿಲ್ ಬರಹ ಉಳಿಯುವಂತೆ ಅಂಚು ಕತ್ತರಿಸುವುದಿಲ್ಲವೆಂದು ತಾವಾಗಿಯೇ ಹೇಳಿದರು. ಹರಿದ ಮಡಿಕೆಗಳಿಗೆ ತೆಳುಕಾಗದದ ಪಟ್ಟಿ ಅಂಟಿಸಿ, ಫಾರಂ ಫಾರಂ ಆಗಿ (ಒಟ್ಟಿಗೆ ಮಡಿಚಿದ ಹಾಳೆಗಳ ಒಂದೊಂದು ಕಂತೆಯಾಗಿ) ಮಡಿಕೆಯ ನಡುವೆ ದಾರ ಹಾಯಿಸಿ ಹೊಲಿದಿದ್ದಾರೆ. ಹುಳ ಬೀಳದಂತೆ ಮೈದಾ ಅಂಟಿಗೆ ಮೈಲುತುತ್ತ ಬೆರೆಸಿದ್ದಾರೆ. ಬೆನ್ನಿನ ಚಿನ್ನದಕ್ಷರಗಳು ತುಸು ಓರೆಯಾಗಿವೆ, ಹೇಳಿದ್ದಕ್ಕಿಂತ 4 ದಿನ ತಡವೂ ಆಯಿತು. ಆದರೂ ಈ ಕೆಲಸಕ್ಕೆ 350 ರೂಪಾಯಿ ನನಗೆ ಕಡಿಮೆಯೆಂದೇ ತೋರಿತು. ಈಗ ಪುಸ್ತಕ ಮೇಜಿನ ಮೇಲೆ ಅಂಗಾತವಾಗಿ ತೆರೆದುಕೊಳ್ಳುತ್ತದೆ. ಹೊಲಿಗೆಯೊಳಗೆ ಅರ್ಧ ಹುದುಗಿದ್ದ ಕೋಲ್ಯಾನ ಹೆಸರನ್ನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದೆ.